ಕಬ್ಬಿನ ನಾಡಿನವರು ವಿಫ್ರೆದೊ ಲಾಮ್ ಪ್ರದರ್ಶನ ನೋಡುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಅಪ್ಪ-ಅವ್ವಂದಿರ ತಿರುಗಾಟದ ಪಟ್ಟಿಯಲ್ಲಿ ನಯಾಗರಾ ಇರುತ್ತದೆ, ಸ್ವಾತಂತ್ರ್ಯ ದೇವಿ ಇರುತ್ತಾಳೆ, ಒಂದು ದಿನ 'ಮ್ಯೂಸಿಯಂ' ಅಂತಲೂ ಇರುತ್ತದೆ. ಸಾಮಾನ್ಯವಾಗಿ ಕೆಡುವುದು ಆ ಮೂರನೆಯ ದಿನವೇ. ಮೊದಲ ಎರಡು ಕೋಣೆಗಳಲ್ಲಿ ಗೋಡೆಯ ಮೇಲಿನ ಇಂಗ್ಲಿಷ್ ಬರಹವನ್ನೆಲ್ಲ ಓದಿ ಕಣ್ಣು ಸೋಲುತ್ತದೆ, ಮೂರನೆಯದಕ್ಕೆ ಬರುವಾಗ ಮೊಣಕಾಲು ಹಿಡಿದಿರುತ್ತದೆ, ಮುಖ್ಯ ಚಿತ್ರದ ಮುಂದೆ ಒಂದು ಫೋಟೊ ತೆಗೆದು ಕ್ಯಾಂಟೀನ್ ಹುಡುಕುವುದೇ ಆಗುತ್ತದೆ. ಕ್ಯೂಬಾದ ವಿಫ್ರೆದೊ ಲಾಮ್ ಚಿತ್ರಗಳ ಮುಂದೆ ಹೀಗಾಗಬಾರದು. ಏಕೆಂದರೆ ಆತನ ಹೆಸರಾಂತ ಚಿತ್ರದ ತುಂಬ ಇರುವುದು ಕಬ್ಬು. ನ್ಯೂಯಾರ್ಕಿನ ನೋಡುಗನಿಗೆ ಅದು ಹಸಿರು ಕೋಲು. ಅಥಣಿ, ರಾಯಬಾಗ, ಮುಧೋಳ, ಜಮಖಂಡಿಯವರಿಗೆ ಅದರ ಗಣ್ಣು ಎಲ್ಲಿ ಬರುತ್ತದೆ, ರವದಿ ಎಲ್ಲಿ ಕೊಯ್ಯುತ್ತದೆ ಎಂದು ಗೊತ್ತು.

ಮೊದಲು ಮನುಷ್ಯನ ಬಗ್ಗೆ ಬೇಕಾದಷ್ಟು. ಲಾಮ್ ಹುಟ್ಟಿದ್ದು 1902ರ ಡಿಸೆಂಬರ್ 8ರಂದು, ಕ್ಯೂಬಾದ ಕಬ್ಬಿನ ಸೀಮೆಯ ಸಾಗುವಾ ಲಾ ಗ್ರಾಂದೆ ಊರಿನಲ್ಲಿ. ತಂದೆ ಚೀನಾದಿಂದ ಬಂದವರು, ತಾಯಿಯ ಕಡೆ ಆಫ್ರಿಕಾ ಮತ್ತು ಸ್ಪೇನಿನ ರಕ್ತ. ಆತನ ಧರ್ಮಮಾತೆ (ಗಾಡ್‌ಮದರ್) ಮಾಂತೊನಿಕಾ ವಿಲ್ಸನ್ ಸಾಂತೆರಿಯಾ ಪೂಜಾರಿಣಿ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದ ಯೊರುಬಾ ಜನ ತಮ್ಮ ದೇವರುಗಳನ್ನು ಕ್ರೈಸ್ತ ಸಂತರ ಮರೆಯಲ್ಲಿ ಉಳಿಸಿಕೊಂಡ ಆರಾಧನೆ ಅದು. ಕ್ಯೂಬಾದಲ್ಲಿ ಗುಲಾಮಗಿರಿ ಕಾನೂನಿನಿಂದ ಮುಗಿದದ್ದು 1886ರಲ್ಲಿ, ಅಂದರೆ ಲಾಮ್ ಹುಟ್ಟುವ 16 ವರ್ಷ ಮೊದಲು. ಆ ಊರಿನ ಹಿರಿಯರಲ್ಲಿ ಗುಲಾಮರಾಗಿಯೇ ಕಬ್ಬು ಕಡಿದವರು ಇನ್ನೂ ಬದುಕಿದ್ದ ಕಾಲ. 1923ರಲ್ಲಿ ಸ್ಪೇನಿಗೆ ಹೋದ, ಅಲ್ಲಿ ಹೆಂಡತಿ ಮತ್ತು ಮಗನನ್ನು ಕ್ಷಯಕ್ಕೆ ಕಳೆದುಕೊಂಡ, ಅಂತರ್ಯುದ್ಧದಲ್ಲಿ ಗಣರಾಜ್ಯದ ಪಕ್ಷ ನಿಂತ. 1938ರಲ್ಲಿ ಪ್ಯಾರಿಸ್ ಸೇರಿ ಪಿಕಾಸೊ ಸ್ನೇಹ ಗಳಿಸಿದ. ನಾಜಿಗಳು ಬಂದಾಗ ಮಾರ್ಸೇಲಿಗೆ ಓಡಿ, 1941ರಲ್ಲಿ ಹಡಗು ಹಿಡಿದು ಕ್ಯೂಬಾಗೆ ಮರಳಿದ. ಮುಂದೆ ಮತ್ತೆ ಯುರೋಪು, ಇಟಲಿಯ ಅಲ್ಬಿಸೋಲದಲ್ಲಿ ಸುಟ್ಟ ಮಣ್ಣಿನ ಕಲೆಯ ಕೆಲಸ, 1982ರ ಸೆಪ್ಟೆಂಬರ್ 11ರಂದು ಪ್ಯಾರಿಸ್ಸಿನಲ್ಲಿ ಸಾವು. ಒಳಗೆ ಹೋಗಲು ಇಷ್ಟು ಸಾಕು, ಗೋಡೆಯ ಬರಹ ಓದುವ ಕೆಲಸ ಅರ್ಧ ತಪ್ಪಿತು.

ಹುಡುಕುವಾಗ ಒಂದು ಎಚ್ಚರ: ಆತನ ಹೆಸರಿನಲ್ಲಿ ಮೊದಲ 'ಎಲ್' ಅಕ್ಷರ ಇಲ್ಲ. 'ವಿಲ್‌ಫ್ರೆದೊ' ಎಂದು ಟೈಪ್ ಮಾಡಿದರೆ ಬೇರೆ ಯಾರ್ಯಾರೋ ಬರುತ್ತಾರೆ.

ಎಲ್ಲಿ, ಯಾವಾಗ

'ಲಾ ಹುಂಗ್ಲಾ' ಅಂದರೆ 'ಕಾಡು' (1942–43) ನ್ಯೂಯಾರ್ಕಿನ ಮೋಮಾ, ಅಂದರೆ ಆಧುನಿಕ ಕಲೆಯ ಮ್ಯೂಸಿಯಂನ ಸ್ವತ್ತು, 1945ರಲ್ಲಿ ಕೊಂಡದ್ದು. ಹವಾನಾದ ರಾಷ್ಟ್ರೀಯ ಕಲಾ ಮ್ಯೂಸಿಯಂನಲ್ಲಿ 'ಕುರ್ಚಿ' (1943) ಇದೆ, ಲಂಡನ್ನಿನ ಟೇಟ್ ಮ್ಯೂಸಿಯಂನಲ್ಲಿ 'ಇಬಾಯೆ' (1950). ಪ್ಯಾರಿಸ್, ಮ್ಯಾಡ್ರಿಡ್, ಲಂಡನ್ ಸುತ್ತಿದ ದೊಡ್ಡ ಪ್ರದರ್ಶನ 2015ರಿಂದ 2017ರ ನಡುವೆ ಆಯಿತು. ಮೋಮಾ ತನ್ನ ದೊಡ್ಡ ಪ್ರದರ್ಶನವನ್ನು 2025ರ ನವೆಂಬರಿನಲ್ಲಿ ತೆರೆಯಿತು. ಇಂಥವು ಮುಗಿದ ಮೇಲೆ ಎರವಲು ತಂದ ಚಿತ್ರಗಳು ತಂತಮ್ಮ ಊರಿಗೆ ಮರಳುತ್ತವೆ, ಸ್ವಂತ ಚಿತ್ರಗಳು ಒಮ್ಮೆ ಗೋಡೆಯ ಮೇಲೆ, ಒಮ್ಮೆ ಉಗ್ರಾಣದಲ್ಲಿ. ಹಾಗಾಗಿ ಟಿಕೆಟ್ ಕೊಳ್ಳುವ ಮೊದಲು ಮ್ಯೂಸಿಯಂನ ಜಾಲತಾಣದಲ್ಲಿ ಚಿತ್ರದ ಪುಟ ತೆರೆದು, 'ಆನ್ ವ್ಯೂ' ಎಂದಿದೆಯೇ, ಎಷ್ಟನೇ ಗ್ಯಾಲರಿ ಎಂದು ನೋಡಿ. ಕಾಗದದ ಮೇಲಿನ ಕೆಲಸಗಳನ್ನು ಬೆಳಕಿಗೆ ಹೆದರಿ ಆಗಾಗ ಇಳಿಸುತ್ತಾರೆ. ಇದೊಂದು ನೋಡದೆ ಹೋದವರು 30 ಡಾಲರ್ ಕೊಟ್ಟು ಖಾಲಿ ಗೋಡೆ ನೋಡಿ ಬರುತ್ತಾರೆ.

2025ರ ಪ್ರದರ್ಶನದ ಹೊತ್ತಿಗೆ ಮೋಮಾ ದರ ದೊಡ್ಡವರಿಗೆ 30 ಡಾಲರ್, 65 ದಾಟಿದವರಿಗೆ 22, ವಿದ್ಯಾರ್ಥಿಗಳಿಗೆ 17, 16ರವರೆಗಿನ ಮಕ್ಕಳಿಗೆ ಉಚಿತ. ವಯಸ್ಸಿನ ರಿಯಾಯಿತಿಗೆ ಪಾಸ್‌ಪೋರ್ಟ್ ಕೈಯಲ್ಲಿರಲಿ. ಒಂದೇ ಟಿಕೆಟ್ಟಿನಲ್ಲಿ ಇಡೀ ಮ್ಯೂಸಿಯಂ. ಶುಕ್ರವಾರ ಸಂಜೆ ಉಚಿತ ಎಂದು ಕೇಳಿ ಓಡುವವರಿದ್ದಾರೆ. ಆ ಸೌಲಭ್ಯ ನ್ಯೂಯಾರ್ಕ್ ರಾಜ್ಯದ ನಿವಾಸಿಗಳಿಗೆ ಮಾತ್ರ. ನಮ್ಮ ಮಕ್ಕಳಲ್ಲಿ ಬಹಳ ಮಂದಿ ಇರುವುದು ನದಿಯಾಚೆ ನ್ಯೂಜೆರ್ಸಿಯಲ್ಲಿ, ಅವರಿಗೆ ಸಿಗುವುದಿಲ್ಲ. ಸಿಕ್ಕರೂ ಆ ಗದ್ದಲದಲ್ಲಿ ಎಂಟಡಿ ಚಿತ್ರದ ಮುಂದೆ ಕಾಣುವುದು ಬರೀ ತಲೆಗಳು.

ಬೆಳಗ್ಗೆ 10.30ರ, ಬಾಗಿಲು ತೆರೆಯುವ ಹೊತ್ತಿನ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಅಲ್ಲಿ ಬೆಳಗ್ಗೆ 10.30 ಆದಾಗ ಚಳಿಗಾಲದಲ್ಲಿ ಇಲ್ಲಿ ರಾತ್ರಿ 9, ಬೇಸಿಗೆಯಲ್ಲಿ 8. ಅಲ್ಲಿಯ ಮಧ್ಯಾಹ್ನ ಎರಡು ಗಂಟೆ ಎಂದರೆ ನಿಮ್ಮ ದೇಹಕ್ಕೆ ನಡುರಾತ್ರಿ, ರೆಪ್ಪೆ ತಾನಾಗಿ ಮುಚ್ಚುತ್ತದೆ. ಇಳಿದ ಮೊದಲ ಮೂರು-ನಾಲ್ಕು ದಿನ ಹೋಗಲೇಬೇಡಿ.

ಊರಲ್ಲೇ ಮಾಡಬೇಕಾದ ತಯಾರಿ

ಹೊರಡುವ ಎರಡು ವಾರ ಮೊದಲು ಸುರುಮಾಡಿ. ಮೊದಲ ಕೆಲಸಕ್ಕೆ ಬೇಕಾದ್ದು ಅಳತೆಯ ಟೇಪು ಮತ್ತು ಸೀಮೆಸುಣ್ಣ. 'ಕಾಡು' ಚಿತ್ರದ ಎತ್ತರ 239.4 ಸೆಂ.ಮೀ., ಅಗಲ 229.9 ಸೆಂ.ಮೀ. ಅಂದರೆ ಸುಮಾರು 7 ಅಡಿ 10 ಇಂಚು ಎತ್ತರ, ಏಳೂವರೆ ಅಡಿ ಅಗಲ. ಅಂಗಳದ ಗೋಡೆಯ ಮೇಲೆ ಅಷ್ಟು ದೊಡ್ಡ ಚೌಕ ಬರೆಯಿರಿ. ಫೋನಿನಲ್ಲಿ ಎರಡೂವರೆ ಇಂಚು ಅಗಲದಲ್ಲಿ ನೋಡಿದ್ದಕ್ಕೂ ಇದಕ್ಕೂ 36 ಪಟ್ಟು ವ್ಯತ್ಯಾಸ. ಚೌಕದಿಂದ 11 ಅಡಿ ಹಿಂದೆ ನಿಂತರೆ ಇಡೀ ಚಿತ್ರ ಒಂದೇ ನೋಟಕ್ಕೆ ಸಿಗುತ್ತದೆ, 6 ಅಡಿಗೆ ಬಂದರೆ ಅಂಚುಗಳು ತಪ್ಪುತ್ತವೆ, 3 ಅಡಿಯಲ್ಲಿ ಒಂದು ಪಾದ, ಒಂದು ಮುಖ ಮಾತ್ರ. ಈ ಮೂರು ಜಾಗಗಳು ನಿಮ್ಮ ನಡಿಗೆಯಲ್ಲಿ ಎಷ್ಟು ಹೆಜ್ಜೆ ಎಂದು ಎಣಿಸಿಟ್ಟುಕೊಳ್ಳಿ. ಅಲ್ಲಿ ಟೇಪು ಬಿಚ್ಚಲಾಗದು.

ಎರಡನೆಯದು ಕಬ್ಬಿನ ಹೊಲ. ನವೆಂಬರ್ ಹೊತ್ತಿಗೆ ಕಾರ್ಖಾನೆಗಳು ನುರಿಸಲು ತೊಡಗುವಾಗ ನಿಂತ ಕಬ್ಬು ಆಳಿಗಿಂತ ಎತ್ತರ ಇರುತ್ತದೆ. ಗುರುತಿನವರ ಹೊಲದ ಬದುವಿನ ಮೇಲೆ ಇಳಿಹೊತ್ತಿನಲ್ಲಿ ಹತ್ತು ನಿಮಿಷ ನಿಲ್ಲಿ. ಒಳಗೆ ನುಗ್ಗಬೇಡಿ, ಎಲೆಯ ಅಂಚು ಚರ್ಮ ಕೊಯ್ಯುತ್ತದೆ, ಹಾವಿನ ಭಯ ಬೇರೆ. ಮೂರು ಸಂಗತಿ ಗಮನಿಸಿ. ಒಂದು, ಸಾಲುಗಳ ನಡುವೆ ಆಳ ಕಾಣುವುದಿಲ್ಲ, ಎರಡು ಮಾರು ಒಳಗೆ ಎಲ್ಲ ಒಂದೇ ಗೋಡೆ. ಎರಡು, ಕಬ್ಬು ಕಡಿಯುವವರು ಒಳಗಿದ್ದರೆ ಇಡೀ ಆಳು ಕಾಣುವುದಿಲ್ಲ, ಒಂದು ಕೈ, ಬುಡದಲ್ಲಿ ಪಾದ, ಮೇಲೆ ರುಮಾಲು, ಹೀಗೆ ತುಂಡು ತುಂಡಾಗಿ ಕಾಣುತ್ತಾರೆ. ಮೂರು, ಗಣ್ಣುಗಳು. ಲಾಮ್ ಚಿತ್ರದ ಕಟ್ಟಡ ಈ ಮೂರರ ಮೇಲೆ ನಿಂತಿದೆ ಎನ್ನಬಹುದು.

ಮೂರನೆಯದು ಬಾದಾಮಿ. ಮೊದಲ ಗುಹೆಯಲ್ಲಿ ದ್ವಾರಪಾಲಕನ ಕೆಳಗೆ ವೃಷಭ-ಕುಂಜರ ಇದೆ: ಒಂದೇ ತಲೆ, ಎರಡು ಮೈ. ಒಂದು ಪಕ್ಕ ಅಂಗೈಯಿಂದ ಮುಚ್ಚಿದರೆ ಆನೆ, ಇನ್ನೊಂದು ಪಕ್ಕ ಮುಚ್ಚಿದರೆ ಎತ್ತು. ದೂರದಿಂದಲೇ, ಕಣ್ಣ ಮುಂದೆ ಕೈ ಹಿಡಿದು ಮುಚ್ಚಿ, ಕಲ್ಲು ಮುಟ್ಟಬೇಡಿ. ಆಮೇಲೆ ಕೆಳಗಿನ ಪುರಾತತ್ವ ಇಲಾಖೆಯ ಮ್ಯೂಸಿಯಂಗೆ ಹೋಗಿ ನಾಗನಾಥಕೊಳ್ಳದ ಲಜ್ಜಾಗೌರಿಯನ್ನು ನೋಡಿ. ಹೆಣ್ಣಿನ ಮೈ, ತಲೆಯ ಜಾಗದಲ್ಲಿ ಅರಳಿದ ತಾವರೆ. ಶುಕ್ರವಾರ ಈ ಮ್ಯೂಸಿಯಂಗೆ ರಜೆ. ಹೆಣ್ಣು, ಗಿಡ, ಪ್ರಾಣಿ ಒಂದೇ ಮೈಯಲ್ಲಿ ಕೂಡುವುದು ಪ್ಯಾರಿಸ್ಸಿನವರು ಕಂಡುಹಿಡಿದ ಸೋಜಿಗ ಎಂದುಕೊಂಡವರಿಗೆ ಈ ಒಂದು ದಿನದ ಪ್ರವಾಸ ಒಳ್ಳೆಯ ಮದ್ದು.

ಇದರ ಜೊತೆ ಸಾಂತೆರಿಯಾಕ್ಕೆ ಸೇರಿದ ನಾಲ್ಕು ಹೆಸರು ಬಾಯಿಪಾಠ ಮಾಡಿ. ಎಲೆಗ್ವಾ: ದಾರಿ ತೆರೆಯುವವನು, ಕವಲುದಾರಿ ಮತ್ತು ಹೊಸ್ತಿಲಿನ ದೇವರು. ಕವಡೆಯ ಕಣ್ಣಿಟ್ಟ ಸಣ್ಣ ತಲೆಯ ರೂಪದಲ್ಲಿ ಬಾಗಿಲ ಹಿಂದೆ ಕೂಡುತ್ತಾನೆ. ಲಾಮ್ ಚಿತ್ರಗಳಲ್ಲಿ ಕೊಂಬಿನ ಗುಂಡು ತಲೆ ಎಲ್ಲಿ ಇಣುಕಿದರೂ ಮೊದಲು ಇವನನ್ನು ನೆನೆಯಿರಿ. ಚಾಂಗೊ: ಗುಡುಗಿನವನು, ಎರಡು ಅಲಗಿನ ಕೊಡಲಿ. ಓಗುನ್: ಕಬ್ಬಿಣದ ದೇವರು. ನಾಲ್ಕನೆಯದು ದೇವರಲ್ಲ, ಲಾಮ್ ಚಿತ್ರಗಳಲ್ಲಿ ಬರುವ 'ಕುದುರೆ-ಹೆಣ್ಣು'. ದೇವರು ಭಕ್ತರ ಮೈಮೇಲೆ ಬಂದಾಗ ಸಾಂತೆರಿಯಾದಲ್ಲಿ ಆ ಭಕ್ತರನ್ನು 'ಕುದುರೆ' ಅನ್ನುತ್ತಾರೆ, ದೇವರು ಸವಾರ. ಸವದತ್ತಿ ಗುಡ್ಡದಲ್ಲಿ ಎಲ್ಲಮ್ಮ ಮೈದುಂಬುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಇಲ್ಲೇ ಜಾರುವ ಜಾಗವೂ ಇದೆ. ಎಲೆಗ್ವಾ ನಮ್ಮ ಗಣಪ್ಪ, ಚಾಂಗೊ ನಮ್ಮ ಇಂದ್ರ ಎಂದು ಜೋಡಿ ಹಚ್ಚುತ್ತ ಹೋದರೆ ಚಿತ್ರ ಕಾಣುವುದು ನಿಲ್ಲುತ್ತದೆ, ಪಟ್ಟಿ ಮಾತ್ರ ಉಳಿಯುತ್ತದೆ. ಹೋಲಿಕೆ ಬಾಗಿಲವರೆಗೆ ಸಾಕು. ಲಾಮ್ ಸ್ವತಃ ದೀಕ್ಷೆ ಪಡೆದವನೂ ಅಲ್ಲ.

ಹೋಗುವ ದಿನ

ನ್ಯೂಜೆರ್ಸಿಯಿಂದ ರೈಲಿನಲ್ಲಿ ಪೆನ್ ಸ್ಟೇಷನ್, ಬಸ್ಸಾದರೆ ಪೋರ್ಟ್ ಅಥಾರಿಟಿ. ಎರಡೂ ಕಡೆಯಿಂದ ನೀಲಿ ಗುರುತಿನ 'ಇ' ರೈಲು, ಕ್ವೀನ್ಸ್ ದಿಕ್ಕಿಗೆ. ಇಳಿಯುವುದು ಫಿಫ್ತ್ ಅವೆನ್ಯೂ–53ನೇ ಸ್ಟ್ರೀಟ್. ಮ್ಯೂಸಿಯಂ 11 ವೆಸ್ಟ್ 53ನೇ ಸ್ಟ್ರೀಟ್, ನಾಲ್ಕು ಹೆಜ್ಜೆ.

ತಿಂದೇ ಒಳಗೆ ಹೋಗಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಚೀಲದಲ್ಲಿದ್ದರೆ ಇರಲಿ, ಗ್ಯಾಲರಿಯಲ್ಲಿ ಬಿಚ್ಚುವಂತಿಲ್ಲ. ಪುಡಿ ಬಿದ್ದರೆ ಹುಳ ಬರುತ್ತದೆ, ಹುಳ ಕಾಗದ ತಿನ್ನುತ್ತದೆ. ದೊಡ್ಡ ಚೀಲ, ಬೆನ್ನಿಗೆ ಹಾಕುವ ಚೀಲ, ಕೋಟು ಎಲ್ಲವನ್ನೂ ಕೋಟ್ ಕೋಣೆಗೆ ಕೊಟ್ಟು ಚೀಟಿ ಇಸಿದುಕೊಳ್ಳಿ. (ಇದೇ ಮ್ಯೂಸಿಯಂನಲ್ಲಿ 'ಕಾಡು' ಚಿತ್ರವನ್ನು ಬಹಳ ವರ್ಷ ಕೋಟ್ ಕೋಣೆಯ ಪಕ್ಕದ ಹಾದಿಯಲ್ಲಿ ತೂಗುಹಾಕಿದ್ದರು. ಪಿಕಾಸೊ ಮೇಲಿನ ಮಹಡಿಯಲ್ಲಿ, ಲಾಮ್ ಕೋಟುಗಳ ಬದಿಗೆ. ಚೀಟಿ ಇಸಿದುಕೊಳ್ಳುವಾಗ ಅದು ನೆನಪಿರಲಿ.) ಕೋಟು ಕೊಟ್ಟರೂ ಒಂದು ಶಾಲು ಮೈಮೇಲಿರಲಿ. ಒಳಗಿನ ಹವೆಯನ್ನು ಸುಮಾರು 21 ಡಿಗ್ರಿಗೆ ಕಟ್ಟಿಟ್ಟಿರುತ್ತಾರೆ, ವಿಜಯಪುರದ ಮೈಗೆ ಮೂರು ಗಂಟೆ ನಿಂತಾಗ ಅದು ಚಳಿಯೇ. ಮೊಣಕಾಲು ನೋವಿದ್ದವರು ಮಡಚುವ ಸ್ಟೂಲ್ ಅಥವಾ ಗಾಲಿಕುರ್ಚಿ ಸಿಗುವುದೇ ಎಂದು ಮೊದಲೇ ಕೇಳಿ, ನಾಚಿಕೊಳ್ಳಬೇಡಿ. ಟಿಪ್ಪಣಿಗೆ ಪೆನ್ಸಿಲ್ ಮಾತ್ರ, ಪೆನ್ನಿಗೆ ಬಿಡುವುದಿಲ್ಲ.

ಒಳಗೆ ಬೆಳಕು ಮಂದ. ದೀಪ ಕೆಟ್ಟಿದೆ ಎಂದುಕೊಳ್ಳಬೇಡಿ. ಕಾಗದದ ಕೆಲಸಗಳಿಗೆ ಸುಮಾರು 50 ಲಕ್ಸ್ ದಾಟದಂತೆ ಬೆಳಕು ಇಡುವುದು ಮ್ಯೂಸಿಯಂಗಳ ವಾಡಿಕೆ. ಲಾಮ್ ವಿಷಯದಲ್ಲಿ ಇದಕ್ಕೆ ಇನ್ನಷ್ಟು ಕಾರಣ ಇದೆ: ಆತ ಬಹಳ ಕಡೆ ಬಳಸಿದ್ದು ಕ್ರಾಫ್ಟ್ ಕಾಗದ, ಅಂಗಡಿಯಲ್ಲಿ ಸಾಮಾನು ಸುತ್ತಿಕೊಡುವ ಕಂದು ಕಾಗದದ ಜಾತಿ. ಯುದ್ಧಕಾಲದಲ್ಲಿ ಕ್ಯಾನ್ವಾಸ್ ದುಬಾರಿ, ಕೈಯಲ್ಲಿ ದುಡ್ಡಿಲ್ಲ. ಇಂಥ ಕಾಗದ ಬೆಳಕು ತಿಂದಷ್ಟೂ ಕಪ್ಪಾಗುತ್ತದೆ, ಪೆಡಸಾಗುತ್ತದೆ. ಫ್ಲ್ಯಾಶ್ ಬೇಡ ಅನ್ನುವುದು ಇದಕ್ಕೇ. ಬಿಸಿಲಿನಿಂದ ಬಂದ ಕಣ್ಣಿಗೆ ಐದು ನಿಮಿಷ ಕೊಡಿ, ಬಣ್ಣಗಳು ತಾವೇ ಏಳುತ್ತವೆ.

ಈಗ ಸುತ್ತುವ ಕ್ರಮ. ದೊಡ್ಡ ಪ್ರದರ್ಶನಗಳನ್ನು ವರ್ಷಗಳ ಸಾಲಿನಲ್ಲಿ ಜೋಡಿಸಿರುತ್ತಾರೆ, ಮೊದಲ ಕೋಣೆಯಲ್ಲಿ ಕಲಿಕೆಯ ಕಾಲದ ಭಾವಚಿತ್ರಗಳು. ಅಲ್ಲೇ ಕಾಲು ಸವೆಸಬೇಡಿ. ಹತ್ತು ನಿಮಿಷದಲ್ಲಿ ಎಲ್ಲೂ ನಿಲ್ಲದೆ ಕೊನೆಯವರೆಗೆ ಒಮ್ಮೆ ನಡೆದುಬಿಡಿ, ಬೆಂಚುಗಳು ಎಲ್ಲಿವೆ ಎಂದಷ್ಟೇ ಗುರುತು ಮಾಡಿ. ಆಮೇಲೆ ನೇರ 1942–43ರ ಗೋಡೆಗೆ ಬನ್ನಿ. ಎರಡೂವರೆ ಗಂಟೆಯಲ್ಲಿ ಒಂದು ಗಂಟೆ 1942ರಿಂದ 1950ರ ಕೆಲಸಗಳಿಗೆ ಹೋಗಲಿ.

'ಕಾಡು' ಚಿತ್ರದ ಮುಂದೆ ಅರ್ಧ ಗಂಟೆ

ಮೊದಲು 11 ಅಡಿ. ಬರಹದ ಚೀಟಿ ಓದಬೇಡಿ. ನಾಲ್ಕು ಆಕೃತಿಗಳನ್ನು ಬಿಡಿಸಿಕೊಳ್ಳಿ, ಎಡದಿಂದ ಬಲಕ್ಕೆ. ಸುಲಭವಾಗಿ ಆಗುವುದಿಲ್ಲ: ಕಾಲು ಯಾವುದು ಕಬ್ಬು ಯಾವುದು ತಿಳಿಯದು, ಒಬ್ಬರ ತೋಳು ಇನ್ನೊಬ್ಬರ ಹೆಗಲಿಗೆ ಹತ್ತಿಕೊಂಡಂತೆ ಕಾಣುತ್ತದೆ. ಮೇಲಿನಿಂದ ಎಣಿಸಿದರೆ ಅರ್ಧಚಂದ್ರದಂಥ ಮುಖವಾಡಗಳು ಲೆಕ್ಕ ತಪ್ಪಿಸುತ್ತವೆ. ಕೆಳಗಿನಿಂದ ಎಣಿಸಿ. ಪಾದಗಳಿಂದ.

ಪಾದಗಳು ದೈತ್ಯ. ಇಡೀ ಚಿತ್ರದ ಭಾರ ಅಲ್ಲಿ ಇಳಿದಿದೆ. ಮೇಲೆ ಮೈ ತೆಳ್ಳಗಾಗುತ್ತ, ಎಲೆಯಾಗುತ್ತ, ಹಣ್ಣಿನಂಥ ಮೊಲೆಗಳಾಗುತ್ತ ಹೋದರೂ ಪಾದ ಮಾತ್ರ ನೆಲ ಕಚ್ಚಿ ನಿಂತಿದೆ. ಜೊತೆಗೆ ಬಂದ ಅವ್ವ "ಕಾಲs ಯಾಕ ಇಷ್ಟ ದೊಡ್ಡದು ಬರದಾನೋ?" ಎಂದು ಕೇಳಿದರೆ ಉತ್ತರ ಹೇಳಲು ಅವಸರ ಮಾಡಬೇಡಿ, ಪ್ರಶ್ನೆ ಸರಿಯಾದ ಜಾಗಕ್ಕೆ ಬಿದ್ದಿದೆ. ದಿನವಿಡೀ ಹೊಲದಲ್ಲಿ ನಿಂತವರ ಪಾದ ನೋಡಿದವರಿಗೆ ಬರುವ ಪ್ರಶ್ನೆ ಅದು.

ಆರು ಅಡಿಗೆ ಬನ್ನಿ. ಹಿಂದಿನ ನೆಟ್ಟಗಿನ ಕೋಲುಗಳನ್ನು ನೋಡಿ, ಗಣ್ಣು ಹುಡುಕಿ. ಅವು ಕಬ್ಬಿನವು ಎಂದು ಗೊತ್ತಾದ ಕ್ಷಣ ಶೀರ್ಷಿಕೆಯ ಮೇಲೆ ಅನುಮಾನ ಬರಬೇಕು. ಕಬ್ಬು ಕಾಡಿನಲ್ಲಿ ಬೆಳೆಯುವುದಿಲ್ಲ, ಸಾಲು ಹಿಡಿದು ನೆಡುವ ಬೆಳೆ. 'ಕಾಡು' ಎಂದು ಹೆಸರಿಟ್ಟು ಲಾಮ್ ತೋರಿಸಿದ್ದು ತೋಟ, ಗುಲಾಮರ ದುಡಿಮೆಯ ತೋಟ. ನಡುವೆ ಅಗಲ ಎಲೆಗಳೂ ಇವೆ. ಅವು ತಂಬಾಕು ಎನ್ನುವವರಿದ್ದಾರೆ, ನಿಪ್ಪಾಣಿ ಕಡೆಯವರು ನೋಡಿ ತೀರ್ಮಾನ ಮಾಡಲಿ. ಈಗ ಬಲ ಮೇಲುತುದಿ: ಒಂದು ಕೈ ಎತ್ತಿ ಹಿಡಿದ ಕತ್ತರಿ. ಕಬ್ಬನ್ನು ಯಾರೂ ಕತ್ತರಿಯಿಂದ ಕಡಿಯುವುದಿಲ್ಲ. ಇಲ್ಲಿ ಕೊಯ್ತಾ, ಅಲ್ಲಿ ಮಚೇತೆ. ಹಾಗಾದರೆ ಕತ್ತರಿ ಏನು ಕತ್ತರಿಸಲು? ಓಗುನ್‌ನ ಕಬ್ಬಿಣ ಎನ್ನುವವರಿದ್ದಾರೆ, ಹಳೆಯ ಬಂಧ ಕತ್ತರಿಸುವುದು ಎನ್ನುವವರಿದ್ದಾರೆ. ಚೀಟಿಯಲ್ಲಿ ಒಂದೇ ಉತ್ತರ ಇದ್ದರೆ ಅದನ್ನು ಒಂದು ಅಭಿಪ್ರಾಯವಾಗಿ ಓದಿ.

ಕೊನೆಗೆ ಮೂರು ಅಡಿ, ಅದಕ್ಕಿಂತ ಹತ್ತಿರ ಬೇಡ. ಬಣ್ಣವನ್ನು ದಪ್ಪಗೆ ಮೆತ್ತಿಲ್ಲ. ತೆಳುವಾಗಿ, ನೀರಾಗಿ ಹರಿಸಿದ್ದಾನೆ, ಕೆಲವೆಡೆ ಇಳಿದ ಹನಿಯ ಗೆರೆ ಹಾಗೇ ಇದೆ, ಕೆಲವೆಡೆ ಕಾಗದವೇ ಬಣ್ಣದ ಕೆಲಸ ಮಾಡುತ್ತಿದೆ. ಕಾಗದದ ಮೇಲೆ ಬರೆದು ಆಮೇಲೆ ಕ್ಯಾನ್ವಾಸಿಗೆ ಅಂಟಿಸಿದ ಚಿತ್ರ ಇದು, ಜೋಡಣೆಯ ಗೆರೆ ಕಣ್ಣಿಗೆ ಸಿಗುತ್ತದೆಯೇ ನೋಡಿ. ಗಾಜು ಇದ್ದು ನಿಮ್ಮದೇ ಮುಖ ಕಾಣುತ್ತಿದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ತೋರಿಸಲು ಬೆರಳು ಚಾಚುವುದು ನಮ್ಮವರ ಅಭ್ಯಾಸ, ಅದಕ್ಕೇ ಕಾವಲಿನವರು ಓಡಿಬರುವುದು. ಹಿಂದೆ ಸರಿದು ಬಾಯಲ್ಲಿ ಹೇಳಿ: "ಬಲಕ್ಕ, ಮ್ಯಾಲ, ಕತ್ತರಿ ನೋಡವ್ವಾ."

ವಿಡಿಯೊ ಕಾಲ್ ಹಚ್ಚಿ ಊರಿಗೆ ತೋರಿಸಬೇಕೆಂದರೆ ಕೆಳಗಿನ ಲಾಬಿಗೆ ಹೋಗಿ. ಮಂದ ಬೆಳಕಿನಲ್ಲಿ ಫೋನಿಗೆ ಏನೂ ಕಾಣದು, ಉಳಿದವರಿಗೆ ಕಿರಿಕಿರಿ.

ಉಳಿದ ಕೋಣೆಗಳು

ಸ್ಪೇನಿನ ಕಾಲದ್ದರಲ್ಲಿ 'ಅಂತರ್ಯುದ್ಧ' (1937) ಇದ್ದರೆ ನಿಲ್ಲಿ, ಉಳಿದವು ನಡೆಯುತ್ತ ಸಾಕು. ಪ್ಯಾರಿಸ್ 1938–40ರಲ್ಲಿ ಮುಖಗಳು ಹೇಗೆ ಮುಖವಾಡವಾದವು ಎಂಬುದನ್ನು ಮಾತ್ರ ಹಿಂಬಾಲಿಸಿ. 1949ರ 'ಮಹಾ ಸಂಯೋಜನೆ' ಸುಮಾರು 14 ಅಡಿ ಅಗಲ, ಹತ್ತಿರದಿಂದ ಶುರುಮಾಡಿದರೆ ಸೋಲುತ್ತೀರಿ, ಎದುರು ಗೋಡೆಗೆ ಹೋಗಿ ನೋಡಿ. 1950ರ ನಂತರ ಹಸಿರು ಹೋಗಿ ಕಂದು, ಕಪ್ಪು, ಬೂದು. ಬಣ್ಣ ಸತ್ತಿತು ಎಂದು ಬೇಗ ದಾಟಬೇಡಿ, ಅಲ್ಲಿ ನೋಡಬೇಕಾದ್ದು ಗೆರೆಯ ಮೊನೆ: ಕೊಂಬು, ಬಾಲ, ಈಟಿ, ನಡುವೆ ಎಲೆಗ್ವಾನ ಗುಂಡು ತಲೆ. ಕುದುರೆ-ಹೆಣ್ಣು ಇಲ್ಲಿ ಪದೇ ಪದೇ ಬರುತ್ತಾಳೆ, ಉದ್ದ ಮೂತಿ, ಕುತ್ತಿಗೆಯಲ್ಲಿ ಜೂಲು. ಮಣ್ಣಿನ ಕೆಲಸಗಳಿಗೆ ಹತ್ತು ನಿಮಿಷ.

ಹೊರಡುವ ಮುಂಚೆ ಐದನೆಯ ಮಹಡಿಗೆ ಹೋಗಿ ಪಿಕಾಸೊನ 'ಅವಿನ್ಯೋನ್ ಯುವತಿಯರು' (1907) ನೋಡಿ. ಅಳತೆ 243.9 × 233.7 ಸೆಂ.ಮೀ., ಲಾಮ್ ಚಿತ್ರಕ್ಕೂ ಇದಕ್ಕೂ ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸ. ಲಾಮ್ ಪಿಕಾಸೊನನ್ನು ನಕಲು ಮಾಡಿದ ಎಂಬ ಮಾತು ಯಾರಾದರೂ ಹೇಳಿಯೇ ಹೇಳುತ್ತಾರೆ. ಎರಡನ್ನೂ ಒಂದೇ ದಿನ ನೋಡಿದ ಕಣ್ಣಿಗೆ ವ್ಯತ್ಯಾಸ ಕೆಳಗಿನ ಅಂಚಿನಲ್ಲೇ ಸಿಗುತ್ತದೆ: ಪಿಕಾಸೊನ ಹೆಂಗಸರು ಪರದೆಗಳ ನಡುವೆ, ಕೋಣೆಯೊಳಗೆ ಇದ್ದಾರೆ, ಪಾದಗಳ ಮೇಲೆ ಚಿತ್ರದ ಭಾರ ಇಲ್ಲ. ಆಫ್ರಿಕಾದ ಮುಖವಾಡ ಪಿಕಾಸೊಗೆ ಸಿಕ್ಕಿದ್ದು ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿ. ಲಾಮ್‌ಗೆ ಅದು ಪ್ಯಾರಿಸ್ಸಿನಲ್ಲೂ ಸಿಕ್ಕಿತು, ಆದರೆ ಅದರ ಹಿಂದಿನ ದೇವರುಗಳು ಧರ್ಮಮಾತೆಯ ಮನೆಯಲ್ಲೇ ಇದ್ದರು.

ಕೆಳಗಿಳಿದು ಬೆಂಚಿನ ಮೇಲೆ ಕುಳಿತು, ಫೋನ್ ತೆಗೆಯದೆ, ನೆನಪಿನಿಂದ ನಾಲ್ಕು ಆಕೃತಿಗಳನ್ನು ಪೆನ್ಸಿಲಿನಲ್ಲಿ ಗೀಚಿ. ಎಷ್ಟು ಪಾದ ನೆನಪಿದೆ ನೋಡಿ. ಮರೆತಿದ್ದರೆ ಟಿಕೆಟ್ ಇನ್ನೂ ಕೈಯಲ್ಲಿದೆ, ಐದು ನಿಮಿಷ ಮತ್ತೆ ಮೇಲೆ ಹೋಗಿ ಬನ್ನಿ. ಕೋಟು, ರೊಟ್ಟಿಯ ಚೀಲ ಬಿಡಿಸಿಕೊಳ್ಳುವುದು ಮರೆಯಬೇಡಿ. ಮರಳುವಾಗ 'ಇ' ರೈಲು ಡೌನ್‌ಟೌನ್ ದಿಕ್ಕಿನದು, ಹತ್ತುವ ಮೊದಲು ಫಲಕ ನೋಡಿ, ಇಲ್ಲದಿದ್ದರೆ ಕ್ವೀನ್ಸ್ ಸೇರುತ್ತೀರಿ.